ಕಂಪೌಂಡರನ ಬಾಟಲಿಯಿಂದ ಇನ್ಹೇಲರ್‌ವರೆಗೆ

ಐವತ್ತು ಅರವತ್ತು ವರ್ಷಗಳ ಹಿಂದೆ ಸರ್ಕಾರಿ ಆಸ್ಪತ್ರೆಗೆ ಹೋಗುವವರು ಕೈಯಲ್ಲೊಂದು ಖಾಲಿ ಬಾಟಲಿ ಹಿಡಿದು ಹೋಗಬೇಕಿತ್ತು. ವೈದ್ಯರು ಚೀಟಿ ಬರೆದ ಮೇಲೆ ಕಿಟಕಿಯ ಮುಂದೆ ಸಾಲು. ಕಿಟಕಿಯ ಆಚೆ ಕಂಪೌಂಡರ್. ದೊಡ್ಡ ಜಾಡಿಯಿಂದ ಕೆಂಪನೆಯ ಮಿಕ್ಸ್ಚರನ್ನು ಅಳೆದು ಬಾಟಲಿಗೆ ಸುರಿದು, ಬಿಳಿ ಕಾಗದದ ಒಂದು ಪಟ್ಟಿಯನ್ನು ಕತ್ತರಿಯಿಂದ ಹಲ್ಲುಹಲ್ಲಾಗಿ ಕತ್ತರಿಸಿ ಅದರ ಮೈಗೆ ಅಂಟಿಸುತ್ತಿದ್ದ. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಒಂದು ಹೊತ್ತಿನ ಔಷಧಿ. ಓದು ಬಾರದವರಿಗೂ ಅದು ಅರ್ಥವಾಗುತ್ತಿತ್ತು. ಮೂರನೆಯ ದಿನ ಬಾಟಲಿ ತೋರಿಸಿದರೆ ರೋಗಿ ಎಷ್ಟು ಹೊತ್ತು ಕುಡಿದಿದ್ದಾನೆ, ಎಷ್ಟು ಹೊತ್ತು ತಪ್ಪಿಸಿದ್ದಾನೆ ಎಂಬುದು ಕಂಪೌಂಡರನಿಗೂ ಕಾಣುತ್ತಿತ್ತು.

ಆ ಕೆಂಪು ನೀರಿನಲ್ಲಿ ಎಷ್ಟು ಗುಣವಿತ್ತೋ, ಆ ಮಾತು ಬೇರೆ. ಬಹಳಷ್ಟು ಕಾಯಿಲೆಗಳಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಆದರೆ ಔಷಧಿಯ ಜೊತೆಗೆ ಅದನ್ನು ತೆಗೆದುಕೊಳ್ಳುವ ರೀತಿಯನ್ನೂ ಒಬ್ಬ ಮನುಷ್ಯ ಕೈಗೆ ಕೊಡುತ್ತಿದ್ದ. ಈಗ ಔಷಧಿಗಳು ನಿಜಕ್ಕೂ ಕೆಲಸ ಮಾಡುತ್ತವೆ. ತೆಗೆದುಕೊಳ್ಳುವ ರೀತಿಯನ್ನು ಹೇಳಿಕೊಡುವವನು ಮಾತ್ರ ನಡುವೆ ಎಲ್ಲೋ ಕಳೆದುಹೋದ. ಅವನು ಹೇಗೆ ಕಳೆದುಹೋದ, ಮತ್ತೆ ಹೇಗೆ ಹುಟ್ಟಿಕೊಳ್ಳುತ್ತಿದ್ದಾನೆ ಎಂಬುದನ್ನು ಉಸಿರಿನ ಕಾಯಿಲೆಯೊಂದರ ಮೂಲಕ ನೋಡಬೇಕೆನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಶಿವಮೊಗ್ಗ, ಭದ್ರಾವತಿಗಳನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಈ ಕಾಯಿಲೆಯನ್ನು ಹುಟ್ಟಿಸುವ ಎರಡು ಬಗೆಯ ಹೊಗೆಯೂ, ಅಂದರೆ ಕಾರ್ಖಾನೆಯ ಹೊಗೆ ಮತ್ತು ಒಲೆಯ ಹೊಗೆ, ಇಲ್ಲಿ ಇಪ್ಪತ್ತು ಕಿಲೋಮೀಟರಿನೊಳಗೆ ಸಿಗುತ್ತದೆ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಆ ಹೆಸರು ಕಾರ್ಖಾನೆಗಿಂತ ಹಳೆಯದು. ಆದರೆ ಹೆಸರಿಟ್ಟವರಿಗೆ ಮುಂದಾಗುವುದು ಗೊತ್ತಿತ್ತೇನೋ ಅನ್ನಿಸುವಷ್ಟು ಅದು ಹೊಂದಿಕೊಂಡಿತು. ಮೈಸೂರು ಸಂಸ್ಥಾನ 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಕೈಹಾಕಿತು. 1923ರಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಕೆಮ್ಮಣ್ಣುಗುಂಡಿಯ ಅದಿರು, ಭದ್ರೆಯ ನೀರು ಎಲ್ಲವೂ ಹತ್ತಿರದಲ್ಲೇ ಇದ್ದವು. ಕಲ್ಲಿದ್ದಲು ಮಾತ್ರ ಇರಲಿಲ್ಲ. ಹಾಗಾಗಿ ಮಲೆನಾಡಿನ ಕಾಡನ್ನೇ ಇದ್ದಿಲು ಮಾಡಿ ಕುಲುಮೆಗೆ ಹಾಕಿದರು. ಮರವನ್ನು ಸುಟ್ಟಾಗ ಬರುವ ಆವಿಯನ್ನೂ ಬಿಡದೆ ಹಿಡಿದು ಅದರಿಂದ ಮರದ ಮದ್ಯಸಾರ, ಟಾರು ತೆಗೆಯುವ ಘಟಕವೂ ಇತ್ತು. ಮೊದಲ ವರ್ಷಗಳ ನಷ್ಟದ ಕಾಲದಲ್ಲಿ ಕಾರ್ಖಾನೆಯನ್ನು ನಡೆಸಿ ನಿಲ್ಲಿಸಿದವರು ವಿಶ್ವೇಶ್ವರಯ್ಯನವರು. ಮುಂದೆ ಅವರ ಹೆಸರೇ ಅದಕ್ಕೆ ಬಂತು. 1936ರಲ್ಲಿ ಕಾಗದದ ಕಾರ್ಖಾನೆ ಬಂತು, ಆಮೇಲೆ ಸಿಮೆಂಟು. ಊರು ಬೆಳೆಯಿತು. ಕುಲುಮೆಯ ಮುಂದೆ, ಸುಣ್ಣದ ಗೂಡಿನ ಪಕ್ಕ, ಇದ್ದಿಲಿನ ರಾಶಿಯ ಮೇಲೆ ದುಡಿದವರ ಎರಡು ಮೂರು ತಲೆಮಾರುಗಳು ಆಗಿಹೋದವು. ಅವರಲ್ಲಿ ಬೀಡಿ ಸೇದದವರು ಕಡಿಮೆ. ಹಾಗಾಗಿ ಯಾರ ಎದೆಯಲ್ಲಿ ಕೂತದ್ದು ಕಾರ್ಖಾನೆಯ ದೂಳು, ಯಾರ ಎದೆಯಲ್ಲಿ ಕೂತದ್ದು ಬೀಡಿ ಎಂದು ಬಿಡಿಸಿ ಹೇಳುವುದು ಸುಲಭವಲ್ಲ.

ಬೀಡಿಯನ್ನು ಎಂದೂ ಮುಟ್ಟದವರ ಕತೆ ಇನ್ನೊಂದು. ಮಲೆನಾಡಿನ ಅಡುಗೆಮನೆ, ಬಚ್ಚಲ ಹಂಡೆಯ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ. ಆರು ತಿಂಗಳು ಮಳೆ ಸುರಿಯುವ ಸೀಮೆಯಲ್ಲಿ ಕಟ್ಟಿಗೆ ಪೂರ್ತಿ ಒಣಗುವುದೇ ಇಲ್ಲ. ಹಸಿ ಕಟ್ಟಿಗೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಮೈಸೂರು, ನಂಜನಗೂಡು ಭಾಗದ ಹಳ್ಳಿಯ ಹೆಂಗಸರನ್ನು ಪರೀಕ್ಷಿಸಿದ ಮೈಸೂರಿನ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಂದು ಸರಳ ಲೆಕ್ಕವಿದೆ. ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸುವುದು. ಆ ಗುಣಲಬ್ಧ 60 ಮುಟ್ಟಿದಲ್ಲಿಂದ ದೀರ್ಘಕಾಲದ ಕೆಮ್ಮು ಕಫದ ಅಪಾಯ ಸ್ಪಷ್ಟವಾಗಿ ಏರತೊಡಗುತ್ತದೆ. ದಿನಕ್ಕೆ ನಾಲ್ಕು ಗಂಟೆ ಎಂದರೆ ಹದಿನೈದು ವರ್ಷ. ಇಪ್ಪತ್ತಕ್ಕೆ ಮದುವೆಯಾಗಿ ಬಂದವಳಿಗೆ ಮೂವತ್ತೈದಕ್ಕೇ ಲೆಕ್ಕ ತುಂಬಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ 1980ರ ದಶಕದಲ್ಲಿ ಹಳ್ಳಿಗಳಿಗೆ ಬಂದು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸಿತು. ಆಮೇಲೆ ಗ್ಯಾಸ್ ಬಂತು. ಆದರೆ ಇವತ್ತು ಎಪ್ಪತ್ತಾಗಿರುವ ಅಜ್ಜಿಯ ಶ್ವಾಸಕೋಶ ಅದಕ್ಕೂ ಹಿಂದಿನ ಹೊಗೆಯ ಲೆಕ್ಕವನ್ನು ಇಟ್ಟುಕೊಂಡಿರುತ್ತದೆ.

ವೈದ್ಯರು ಇದನ್ನು ಸಿಒಪಿಡಿ ಎನ್ನುತ್ತಾರೆ. ಶ್ವಾಸನಾಳಗಳು ಊದಿಕೊಂಡು ಕಿರಿದಾಗಿ, ಗಾಳಿಯ ಚೀಲಗಳು ಹರಿದು, ಒಳಗೆ ಹೋದ ಉಸಿರು ಹೊರಗೆ ಬರಲಾರದೆ ಸಿಕ್ಕಿಹಾಕಿಕೊಳ್ಳುವ ಕಾಯಿಲೆ. ನಮ್ಮವರು ಅದನ್ನೂ ಆಸ್ತಮಾವನ್ನೂ ಸೇರಿಸಿ ದಮ್ಮು, ಉಬ್ಬಸ, ಗೂರಲು ಎಂದು ಕರೆದುಬಿಟ್ಟರು. ಜಗತ್ತಿನಲ್ಲಿ 2019ರಲ್ಲಿ ಇದರಿಂದ ಸತ್ತವರು 32 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿತು. ಹಾಳಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಇರುವ ಔಷಧಿಗಳು ಉಸಿರಿನ ದಾರಿಯನ್ನು ತೆರೆದಿಡುತ್ತವೆ, ಮತ್ತೆ ಮತ್ತೆ ಆಸ್ಪತ್ರೆ ಸೇರುವುದನ್ನು ತಪ್ಪಿಸುತ್ತವೆ. ಆದರೆ ಅವನ್ನು ದಿನಾಲೂ, ಕೆಮ್ಮು ಇಲ್ಲದ ದಿನವೂ, ಬದುಕಿರುವ ತನಕ ತೆಗೆದುಕೊಳ್ಳಬೇಕು. ತೊಡಕು ಶುರುವಾಗುವುದು ಇಲ್ಲೇ.

ಔಷಧಿಯನ್ನು ಉಸಿರಿನಿಂದಲೇ ಒಳಗೆ ಕಳಿಸುವ ಯೋಚನೆ ಹೊಸದಲ್ಲ, ಅದರಲ್ಲಿ ನಮ್ಮ ಪಾಲೂ ಇದೆ. ಚರಕ ಸಂಹಿತೆ ಐದು ಬಗೆಯ ಶ್ವಾಸರೋಗಗಳಲ್ಲಿ ತಮಕ ಶ್ವಾಸವನ್ನು ವಿವರಿಸುತ್ತದೆ. ಔಷಧಿಯ ಹೊಗೆಯನ್ನು ಸೇದುವ ಧೂಮಪಾನವೂ ಆಯುರ್ವೇದದ ಚಿಕಿತ್ಸೆಗಳಲ್ಲೊಂದು. ಮದರಾಸಿನಲ್ಲಿ ಕಂಪನಿ ಸರ್ಕಾರದ ವೈದ್ಯಾಧಿಕಾರಿಯಾಗಿದ್ದ ಜೇಮ್ಸ್ ಆಂಡರ್ಸನ್ ಉಬ್ಬಸಕ್ಕೆ ದತ್ತೂರಿಯನ್ನು ಒಣಗಿಸಿ ಸೇದುವ ಇಲ್ಲಿನ ಪದ್ಧತಿಯನ್ನು 1802ರ ಸುಮಾರಿಗೆ ಜನರಲ್ ಜೆಂಟ್ ಎಂಬ ಸೇನಾಧಿಕಾರಿಗೆ ಹೇಳಿಕೊಟ್ಟ. ಜೆಂಟ್ ಅದನ್ನು ಎಡಿನ್‌ಬರೋಗೆ ಒಯ್ದ. ಅಲ್ಲಿಂದ ಯುರೋಪಿನಲ್ಲಿ ಒಂದೂವರೆ ಶತಮಾನ ಆಸ್ತಮಾ ಸಿಗರೇಟುಗಳು ಮಾರಾಟವಾದವು. ಕಾಯಿಲೆಗೆ ಕಾರಣವಾದ ಹೊಗೆಯನ್ನೇ ಔಷಧಿಯೆಂದು ಸೇದುವುದು ಈಗ ತಮಾಷೆಯಾಗಿ ಕಾಣಬಹುದು. ಆದರೆ ದತ್ತೂರಿಯೊಳಗಿನ ಅಟ್ರೋಪಿನ್ ಕುಟುಂಬದ ವಸ್ತುಗಳು ಶ್ವಾಸನಾಳವನ್ನು ಸಡಿಲಿಸುವುದು ನಿಜ. ಆ ಕುಟುಂಬವನ್ನೇ ತಿದ್ದಿ ಮೊದಲು ಇಪ್ರಾಟ್ರೋಪಿಯಂ, ಆಮೇಲೆ 2002ರಲ್ಲಿ ದಿನಕ್ಕೊಮ್ಮೆ ಸೇದುವ ಟಿಯೋಟ್ರೋಪಿಯಂ ತಯಾರಾದವು. ಸಿಒಪಿಡಿಯ ಮುಖ್ಯ ಔಷಧಿಗಳ ವಂಶಾವಳಿ ಹೀಗೆ ಶಿವನಿಗೆ ಏರಿಸುವ ಹೂವಿನವರೆಗೆ ಹೋಗುತ್ತದೆ. ನಮ್ಮ ಹಿತ್ತಲಿನ ಆಡುಸೋಗೆಯೂ ಹಿಂದೆ ಬಿದ್ದಿಲ್ಲ. ಅದರ ಸಾರವನ್ನು ಮಾದರಿಯಾಗಿಟ್ಟುಕೊಂಡು ಮಾಡಿದ್ದೇ ಕಫ ತೆಳುವಾಗಿಸುವ ಬ್ರೋಮ್‌ಹೆಕ್ಸಿನ್.

ಇನ್ಹೇಲರ್ ಹುಟ್ಟಿದ್ದಕ್ಕೆ ಕಾರಣ ಹದಿಮೂರು ವರ್ಷದ ಹುಡುಗಿಯ ಒಂದು ಪ್ರಶ್ನೆ. ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಎಂಬ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್‌ನ ಮಗಳಿಗೆ ಆಸ್ತಮಾ. ರಬ್ಬರಿನ ಬುರುಡೆ ಅದುಮಿ ಔಷಧಿ ಚಿಮ್ಮಿಸುವ ಗಾಜಿನ ಸಲಕರಣೆ ಅವಳಿಗೆ ಸಾಕುಸಾಕಾಗಿತ್ತು. ತಲೆಗೂದಲಿಗೆ ಹೊಡೆದುಕೊಳ್ಳುವ ಸ್ಪ್ರೇಯಂತೆ ಇದೂ ಯಾಕೆ ಬರಬಾರದು ಎಂದು ಅವಳು 1955ರಲ್ಲಿ ಕೇಳಿದಳು. ಮರುವರ್ಷವೇ ಮೆಡಿಹೇಲರ್ ಅಂಗಡಿಗೆ ಬಂತು. 1969ರಲ್ಲಿ ಸಾಲ್ಬುಟಮಾಲ್ ಬಂತು. 1970ರ ದಶಕದಲ್ಲಿ ಸಿಪ್ಲಾ ಭಾರತದಲ್ಲೇ ಇನ್ಹೇಲರ್ ತಯಾರಿಸತೊಡಗಿತು. ಕ್ಯಾಪ್ಸೂಲಿನ ಪುಡಿಯನ್ನು ಎಳೆದುಕೊಳ್ಳುವ ರೋಟಾಹೇಲರ್ ಕೂಡ ಅದೇ ದಶಕದ್ದು. ಇವತ್ತು ಶಿವಮೊಗ್ಗದ ನೆಹರೂ ರಸ್ತೆಯಿಂದ ಸಣ್ಣ ಹೋಬಳಿಯವರೆಗೆ ಯಾವ ಔಷಧಿ ಅಂಗಡಿಯಲ್ಲಿ ಕೇಳಿದರೂ ಅದು ಸಿಗುತ್ತದೆ.

ಸಿಗುವುದೇನೋ ಸಿಗುತ್ತದೆ. ಮಾತ್ರೆ ನುಂಗಲು ಯಾರಿಗೂ ಪಾಠ ಬೇಕಿಲ್ಲ, ಇನ್ಹೇಲರಿಗೆ ಬೇಕು. ಸ್ಪ್ರೇ ಬಗೆಯದಾದರೆ ಮೊದಲು ಚೆನ್ನಾಗಿ ಅಲುಗಿಸಬೇಕು, ಉಸಿರನ್ನು ಪೂರ್ತಿ ಹೊರಗೆ ಬಿಡಬೇಕು, ತುಟಿಯನ್ನು ಬಿಗಿಯಾಗಿ ಮುಚ್ಚಬೇಕು, ನಿಧಾನವಾಗಿ ಉಸಿರೆಳೆಯಲು ಶುರುಮಾಡಿದ ಗಳಿಗೆಗೇ ಸರಿಯಾಗಿ ಅದುಮಬೇಕು, ಎಳೆದ ಉಸಿರನ್ನು ಹತ್ತು ಎಣಿಸುವವರೆಗೆ ಹಿಡಿದಿಡಬೇಕು. ಪುಡಿಯ ಬಗೆಯದಾದರೆ ಇದಕ್ಕೆ ತದ್ವಿರುದ್ಧ: ಒಂದೇ ಸಲ ಜೋರಾಗಿ ಎಳೆಯಬೇಕು. ಸ್ಟೀರಾಯ್ಡ್ ಇದ್ದರೆ ಆಮೇಲೆ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ನಾಲಗೆಯ ಮೇಲೆ ಬಿಳಿ ಅಗ್ರ ಬರುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಹಳೆಯ ಸ್ಪ್ರೇಗಳಲ್ಲಿ ಶ್ವಾಸಕೋಶ ಮುಟ್ಟುತ್ತಿದ್ದುದು ಸುಮಾರು ಹತ್ತರಲ್ಲಿ ಒಂದು ಪಾಲು. ಉಳಿದದ್ದು ಗಂಟಲಿಗೆ ಬಡಿದು ಹೊಟ್ಟೆಗೆ ಹೋಗುತ್ತಿತ್ತು. ಅದುಮುವುದು ಒಂದು ಸೆಕೆಂಡು ಮೊದಲಾದರೆ ಆ ಒಂದು ಪಾಲೂ ಇಲ್ಲ. ರೋಟಾಹೇಲರಿನ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರಿದ್ದಾರೆ. ಸ್ಪ್ರೇಯ ಮುಚ್ಚಳ ತೆಗೆಯದೆ ಅದುಮುವವರಿದ್ದಾರೆ. ಬಾಯಿ ತೆರೆದು ದೂರದಿಂದ ಸುಗಂಧದಂತೆ ಹೊಡೆದುಕೊಳ್ಳುವವರಿದ್ದಾರೆ. ಇವರನ್ನು ನೋಡಿ ನಗುವವರು ಒಮ್ಮೆ ತಾವೇ ಪ್ರಯತ್ನಿಸಿ ನೋಡಬೇಕು.

ತಪ್ಪು ಹಳ್ಳಿಗರದ್ದು, ಓದದವರದ್ದು ಎಂದುಕೊಳ್ಳುವಂತೆಯೂ ಇಲ್ಲ. 1975ರಿಂದ 2014ರವರೆಗೆ ಜಗತ್ತಿನ ಬೇರೆ ಬೇರೆ ಕಡೆ ನಡೆದ 144 ಅಧ್ಯಯನಗಳನ್ನು, ಅಂದರೆ 54 ಸಾವಿರಕ್ಕೂ ಹೆಚ್ಚು ರೋಗಿಗಳನ್ನು, ಒಟ್ಟುಹಾಕಿ ನೋಡಿದ ವರದಿಯೊಂದು 2016ರಲ್ಲಿ ಬಂತು. ಇನ್ಹೇಲರನ್ನು ಸರಿಯಾಗಿ ಬಳಸುತ್ತಿದ್ದವರು ಶೇ. 31 ಮಾತ್ರ. ನಲವತ್ತು ವರ್ಷಗಳಲ್ಲಿ ಆ ಸಂಖ್ಯೆ ಮೇಲೇರಿಲ್ಲ ಎಂಬುದೇ ಅದರ ಮುಖ್ಯ ಮಾತು. ಔಷಧಿ ಸುಧಾರಿಸಿತು, ಉಪಕರಣ ಸುಧಾರಿಸಿತು, ಹೇಳಿಕೊಡುವ ಕೆಲಸ ಇದ್ದಲ್ಲೇ ಇತ್ತು.

ಇನ್ನೊಂದು ಅಂಕಿಯನ್ನೂ ಹೇಳಬೇಕು. ಟಾರ್ಚ್ ಎಂಬ ಹೆಸರಿನ ದೊಡ್ಡ ಪರೀಕ್ಷೆಯೊಂದರಲ್ಲಿ ಆರು ಸಾವಿರಕ್ಕೂ ಹೆಚ್ಚು ಸಿಒಪಿಡಿ ರೋಗಿಗಳನ್ನು ಮೂರು ವರ್ಷ ಹಿಂಬಾಲಿಸಿದ್ದರು. ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಡೋಸುಗಳನ್ನು ತಪ್ಪದೆ ತೆಗೆದುಕೊಂಡವರಲ್ಲಿ ಸತ್ತವರು ಶೇ. 11.3, ತಪ್ಪಿಸಿದವರಲ್ಲಿ ಶೇ. 26.4. ವಿಚಿತ್ರವೆಂದರೆ ಈ ಅಂತರ ಯಾವ ಔಷಧಿ ಕೊಟ್ಟಿದ್ದರು ಎಂಬುದರ ಮೇಲೆ ನಿಂತಿರಲಿಲ್ಲ. ಹಾಗಾದರೆ ತಪ್ಪದೆ ತೆಗೆದುಕೊಳ್ಳುವವರು ಬೇರೆ ವಿಷಯಗಳಲ್ಲೂ ಜಾಗ್ರತೆಯಾಗಿರುತ್ತಾರೆ, ಅದೇ ಅವರನ್ನು ಉಳಿಸಿರಬಹುದು. ಮನೆಯಲ್ಲಿ ನೆನಪಿಸುವವರು ಇದ್ದಿರಬಹುದು. ಔಷಧಿಯನ್ನಷ್ಟೇ ಹೊಗಳಲು ಈ ಅಂಕಿಯನ್ನು ಬಳಸುವುದು ಸರಿಯಲ್ಲ ಅಂತ ನನಗೆ ಅನ್ನಿಸುತ್ತದೆ. ಔಷಧಿಯ ಸುತ್ತ ಇರುವ ಮನುಷ್ಯರ ಬಗ್ಗೆಯೂ ಅದು ಏನನ್ನೋ ಹೇಳುತ್ತಿದೆ.

ಈಗ ಕಿಟಕಿಯ ಆಚೆಯವನ ಕತೆಗೆ ಬರೋಣ. ಭಾರತದಲ್ಲಿ ಔಷಧಿ ಕೊಡುವುದು ಬಹಳ ಕಾಲ ಯಾರು ಬೇಕಾದರೂ ಮಾಡಬಹುದಾದ ಕೆಲಸವಾಗಿತ್ತು. ಕರ್ನಲ್ ಆರ್.ಎನ್. ಚೋಪ್ರಾ ನೇತೃತ್ವದ ಔಷಧ ವಿಚಾರಣಾ ಸಮಿತಿ 1930-31ರಲ್ಲಿ ಕಲಬೆರಕೆ, ಅಜ್ಞಾನ ಎರಡನ್ನೂ ಎತ್ತಿ ತೋರಿಸಿತು. 1932ರಲ್ಲಿ ಮಹಾದೇವ ಲಾಲ್ ಶ್ರಾಫ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರದ ಪಾಠ ಶುರುಮಾಡಿದರು. 1940ರಲ್ಲಿ ಔಷಧಿ ಕಾಯಿದೆ, 1948ರಲ್ಲಿ ಫಾರ್ಮಸಿ ಕಾಯಿದೆ. ನೋಂದಾಯಿತ ಫಾರ್ಮಸಿಸ್ಟ್ ಎಂಬ ಪದಕ್ಕೆ ಕಾನೂನಿನ ಬಲ ಬಂದದ್ದು ಆಗ. ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಔಷಧಿ ಬೆರೆಸಿದ್ದ ಕಂಪೌಂಡರುಗಳಿಗೂ ಮೊದಲ ನೋಂದಣಿಯಲ್ಲಿ ಜಾಗವಿತ್ತು. ಆದರೆ ಅಷ್ಟರಲ್ಲಿ ಬೆರೆಸುವ ಕೆಲಸವೇ ಮುಗಿಯುತ್ತ ಬಂದಿತ್ತು. ಮಾತ್ರೆಗಳು ಕಾರ್ಖಾನೆಯಿಂದ ಪಟ್ಟಿಪಟ್ಟಿಯಾಗಿ ಬರತೊಡಗಿದವು. ಓದಿದ ಫಾರ್ಮಸಿಸ್ಟ್ ಔಷಧಿ ಕಂಪನಿಗೆ ಹೋದ. ಅಂಗಡಿಯ ಗೋಡೆಯ ಮೇಲೆ ಅವನ ಪ್ರಮಾಣಪತ್ರ ತೂಗುತ್ತಿರುತ್ತದೆ, ಎಷ್ಟೋ ಕಡೆ ಗಲ್ಲೆಯ ಹಿಂದೆ ಇರುವವನು ಬೇರೆಯವನು. ಇದನ್ನು ಯಾವುದೇ ಊರಿನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಬದಲಾವಣೆಯ ಒಂದು ಎಳೆ ಹುಟ್ಟಿದ್ದು ಕರ್ನಾಟಕದಲ್ಲೇ. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದ ಉತ್ತರಾರ್ಧದಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನ ಆಸ್ಪತ್ರೆಯೊಂದರ ಫಾರ್ಮಸಿಸ್ಟರ ಸಹಕಾರದಿಂದ ಫಾರ್ಮಸಿ ಪ್ರಾಕ್ಟೀಸ್ ಎಂಬ ಸ್ನಾತಕೋತ್ತರ ಪಾಠವನ್ನು ಆರಂಭಿಸಿತು. ಪ್ರಯೋಗಾಲಯದ ವಿದ್ಯಾರ್ಥಿಗಳು ವಾರ್ಡಿಗೆ ಬಂದರು. ವೈದ್ಯರ ಜೊತೆ ರೌಂಡ್ಸ್ ಮಾಡಿ, ರೋಗಿಯ ಔಷಧಿಗಳು ಒಂದಕ್ಕೊಂದು ಜಗಳವಾಡುತ್ತಿವೆಯೇ ಎಂದು ನೋಡಿ, ಬಿಡುಗಡೆಯಾಗುವ ದಿನ ಅವನ ಪಕ್ಕ ಕೂತು ಹೇಳಿಕೊಡುವುದು ಅವರ ಕೆಲಸ. ಆ ತಂಡದ ಜಿ. ಪಾರ್ಥಸಾರಥಿ ಮತ್ತು ಆಸ್ಟ್ರೇಲಿಯಾದಿಂದ ಬಂದಿದ್ದ ಕರಿನ್ ನೈಫೋರ್ಟ್-ಹ್ಯಾನ್ಸೆನ್ ಸೇರಿ ಸಂಪಾದಿಸಿದ ಪಠ್ಯಪುಸ್ತಕವನ್ನು ದೇಶದ ಫಾರ್ಮಸಿ ಕಾಲೇಜುಗಳು ಓದಿದವು. 2008ರಲ್ಲಿ ಆರು ವರ್ಷದ ಫಾರ್ಮ್‌ಡಿ ಬಂತು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ರೋಗಿಗೆ ತಿಳಿಹೇಳುವುದನ್ನು ಫಾರ್ಮಸಿಸ್ಟನ ಕರ್ತವ್ಯವೆಂದೇ ಬರೆದಿಟ್ಟಿತು.

ಸಿಒಪಿಡಿಗೆ ಇದನ್ನು ಕರಾರುವಾಕ್ಕಾಗಿ ಪರೀಕ್ಷಿಸಿದ್ದು ಮಣಿಪಾಲದಲ್ಲಿ, ಆಗುಂಬೆಯ ಘಾಟಿ ಇಳಿದರೆ ಸಿಗುವಷ್ಟು ಹತ್ತಿರ. ಅಲ್ಲಿನ ಶ್ವಾಸಕೋಶ ವಿಭಾಗದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆಗೆ ಫಾರ್ಮಸಿಸ್ಟ್ ಕೂತು ಮಾತನಾಡುವುದು: ಔಷಧಿ ಬಿಡದಿರುವುದು, ಬೀಡಿ ಬಿಡುವುದು, ಸಣ್ಣ ವ್ಯಾಯಾಮ, ಇನ್ಹೇಲರ್ ಬಳಸುವ ರೀತಿ, ಹೇಳಿದ ದಿನಕ್ಕೆ ವೈದ್ಯರ ಬಳಿ ಹೋಗುವುದು. ಆರು ತಿಂಗಳಿಗೊಮ್ಮೆ, ಎರಡು ವರ್ಷ. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡನೆಯ ಗುಂಪಿನವರು ಔಷಧಿಯನ್ನು ತಪ್ಪದೆ ತೆಗೆದುಕೊಳ್ಳುವುದು ಸ್ಪಷ್ಟವಾಗಿ ಹೆಚ್ಚಿತ್ತು. ಅಳೆಯಲು ಅವರು ಬಳಸಿದ್ದು 1986ರಿಂದ ಪ್ರಚಾರದಲ್ಲಿರುವ ನಾಲ್ಕು ಪ್ರಶ್ನೆಗಳ ಮಾದರಿ. ಮರೆಯುತ್ತೀರಾ? ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವುದರಲ್ಲಿ ಉದಾಸೀನವಿದೆಯೇ? ಹುಷಾರಾಯಿತು ಅನ್ನಿಸಿದಾಗ ಬಿಡುತ್ತೀರಾ? ತೆಗೆದುಕೊಂಡರೆ ಕೆಡುಕಾಯಿತು ಅನ್ನಿಸಿದಾಗ ಬಿಡುತ್ತೀರಾ?

ನಮ್ಮ ಕಡೆ ಮೂರನೆಯ ಪ್ರಶ್ನೆಗೆ ಎಲ್ಲರ ಉತ್ತರವೂ ಹೌದು ಎಂದೇ ಇದ್ದೀತು. ಕಾಯಿಲೆ ಇದ್ದಾಗ ಔಷಧಿ, ಇಲ್ಲದಾಗ ಇಲ್ಲ ಎಂಬುದು ನಮ್ಮ ಲೋಕಜ್ಞಾನ. ಜ್ವರಕ್ಕೆ ಅದು ಸರಿ. ಇದರ ಜೊತೆಗೆ ಇನ್ಹೇಲರ್ ಅಭ್ಯಾಸವಾಗಿಬಿಡುತ್ತದೆ, ಅದು ಕೊನೆಯ ಔಷಧಿ, ಒಮ್ಮೆ ಹಿಡಿದರೆ ಬಿಡುವಂತಿಲ್ಲ ಎಂಬ ಭಯ. ಮದುವೆಗೆ ಬಂದ ಹುಡುಗಿಯ ಇನ್ಹೇಲರನ್ನು ಬಚ್ಚಿಡುವ ಮನೆಗಳಿವೆ. ಇವೆಲ್ಲಕ್ಕಿಂತ ದೊಡ್ಡದು ದುಡ್ಡು. ತಿಂಗಳಿಗೊಂದು ಇನ್ಹೇಲರ್ ಬೇಕಾದವರು ಅದನ್ನು ಎರಡು ತಿಂಗಳಿಗೆ ಎಳೆಯುತ್ತಾರೆ. ಎರಡು ಸಲ ಸೇದಬೇಕಾದಲ್ಲಿ ಒಂದು. ಇದನ್ನು ಮರೆವು ಎಂದು ಬರೆದುಕೊಂಡು ನೆನಪಿಸುವ ಪಾಠ ಹೇಳಿದರೆ ಏನೂ ಆಗದು. ಒಳ್ಳೆಯ ಫಾರ್ಮಸಿಸ್ಟ್ ಮೊದಲು ಕೇಳಬೇಕಾದದ್ದು ಯಾಕೆ ಎಂದು. ಕೇಳಿದ ಮೇಲೆ ಅದೇ ಔಷಧಿಯ ಅಗ್ಗದ ರೂಪ ಇದೆಯೇ, ಸ್ಪ್ರೇ ಬದಲು ಕ್ಯಾಪ್ಸೂಲಿನದು ಸಾಕೇ ಎಂದು ವೈದ್ಯರಿಗೆ ಫೋನು ಮಾಡಬೇಕು.

ಭದ್ರಾವತಿಯಲ್ಲಿ ಈ ಮಾತಿಗೆ ಇನ್ನೊಂದು ತೂಕವಿದೆ. ಕಾರ್ಖಾನೆಗಳು ಚೆನ್ನಾಗಿ ನಡೆಯುತ್ತಿದ್ದಾಗ ಕಾರ್ಮಿಕನಿಗೆ ಕಾರ್ಖಾನೆಯ ಆಸ್ಪತ್ರೆ ಇತ್ತು, ಅಲ್ಲಿ ಅವನ ಹೆಸರಿನ ಪುಸ್ತಕ ಇತ್ತು, ಔಷಧಿ ಕೊಡುವವನಿಗೆ ಅವನ ಮುಖಪರಿಚಯವಿತ್ತು. ಕಾಗದದ ಕಾರ್ಖಾನೆ ನಿಂತು ಸುಮಾರು ಒಂದು ದಶಕವಾಗುತ್ತ ಬಂತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ಮಾತು ಬರುವುದು, ಹೋರಾಟವಾಗುವುದು ನಡೆದೇ ಇದೆ. ಕೆಲಸ ಹೋದರೂ ಕೆಮ್ಮು ಹೋಗುವುದಿಲ್ಲ. ನಿವೃತ್ತರು ಈಗ ರೈಲು ಹಿಡಿದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರುತ್ತಾರೆ, ಇಲ್ಲವೇ ಹಳೆಯ ಚೀಟಿಯನ್ನೇ ಅಂಗಡಿಯಲ್ಲಿ ತೋರಿಸಿ ಔಷಧಿ ಒಯ್ಯುತ್ತಾರೆ. ಮೆಕ್‌ಗ್ಯಾನ್ ಎಂಬ ವೈದ್ಯಾಧಿಕಾರಿಯ ಹೆಸರು ನಮ್ಮ ಬಾಯಲ್ಲಿ ಮೆಗ್ಗಾನ್ ಆದ ಆ ಆಸ್ಪತ್ರೆ ಈಗ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆ. ಊರಿನಲ್ಲಿ ನ್ಯಾಷನಲ್ ಫಾರ್ಮಸಿ ಕಾಲೇಜಿದೆ. ಹೇಳಿಕೊಡಬಲ್ಲ ಯುವಕ ಯುವತಿಯರು ಇಲ್ಲೇ ತಯಾರಾಗುತ್ತಾರೆ. ಓದು ಮುಗಿದ ಮೇಲೆ ಅವರು ಬೆಂಗಳೂರಿನ ಕಂಪನಿಗಳಿಗೋ ವಿದೇಶಕ್ಕೋ ಹೊರಡುತ್ತಾರೆ. ಅವರನ್ನು ದೂರುವಂತಿಲ್ಲ. ರೋಗಿಯ ಜೊತೆ ಹತ್ತು ನಿಮಿಷ ಮಾತನಾಡಿದ್ದಕ್ಕೆ ಸಂಬಳ ಕೊಡುವ ಹುದ್ದೆಯನ್ನು ನಾವು ಇನ್ನೂ ಸೃಷ್ಟಿಸಿಲ್ಲ. ಡಬ್ಬಿ ಮಾರಿದರೆ ಲಾಭವಿದೆ, ಅದನ್ನು ಬಳಸುವ ಬಗೆ ಹೇಳಿಕೊಟ್ಟರೆ ಇಲ್ಲ.

ಹೇಳಿಕೊಡುವುದೆಂದರೆ ಭಾಷಣವೂ ಅಲ್ಲ. ಮೈಸೂರು, ಮಣಿಪಾಲಗಳಲ್ಲಿ ಕಲಿತವರು ಮೊದಲು ಹೇಳುವ ಮಾತು ಒಂದೇ: ನೀವು ಹೇಗೆ ತೆಗೆದುಕೊಳ್ಳುತ್ತೀರಿ, ಒಮ್ಮೆ ತೋರಿಸಿ. ರೋಗಿ ತೋರಿಸುತ್ತಾನೆ. ಎಲ್ಲಿ ತಪ್ಪುತ್ತಿದೆ ಎಂದು ಕಾಣುತ್ತದೆ. ತಿದ್ದಿ, ಮತ್ತೊಮ್ಮೆ ತೋರಿಸಲು ಹೇಳುವುದು. ಕೈನಡುಗುವ ಮುದುಕರಿಗೆ ಅದುಮುವ ಗಳಿಗೆ ಹೊಂದದಿದ್ದರೆ ನಡುವೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಇಟ್ಟರೆ ಆಯಿತು. ಔಷಧಿ ಅದರಲ್ಲಿ ನಿಂತಿರುತ್ತದೆ, ಅವರು ನಿಧಾನವಾಗಿ ಎಳೆದುಕೊಳ್ಳಬಹುದು. ಮುಂದಿನ ತಿಂಗಳು ಬಂದಾಗ ಮತ್ತೆ ತೋರಿಸಬೇಕು, ಯಾಕೆಂದರೆ ಕಲಿತದ್ದು ಕೆಲವೇ ವಾರಗಳಲ್ಲಿ ಮರೆಯುತ್ತದೆ.

ಡಬ್ಬಿ ಖಾಲಿಯಾದದ್ದನ್ನು ತಿಳಿಯುವುದು ಇನ್ನೊಂದು ಸಮಸ್ಯೆ. ಔಷಧಿ ಮುಗಿದ ಮೇಲೂ ಸ್ಪ್ರೇ ಕೆಲವು ಸಲ ಬುಸ್ಸೆನ್ನುತ್ತದೆ, ಬರುವುದು ಬರೀ ಅನಿಲ. ಡಬ್ಬಿಯನ್ನು ನೀರಿನಲ್ಲಿ ತೇಲಿಸಿ ನೋಡಿ ಎಂಬ ಹಳೆಯ ಉಪಾಯವನ್ನು ನಂಬುವಂತಿಲ್ಲ. ಎಣಿಸುವುದೊಂದೇ ದಾರಿ. ಕೆಲವು ಡಬ್ಬಿಗಳ ಬೆನ್ನಿಗೆ ಈಗ ಅಂಕಿ ತೋರಿಸುವ ಸಣ್ಣ ಕಿಟಕಿ ಇದೆ. ಇಲ್ಲದವುಗಳಿಗೆ ಕ್ಯಾಲೆಂಡರೇ ಗತಿ. ಇನ್ನೂರು ಸಲದ ಡಬ್ಬಿ, ದಿನಕ್ಕೆ ನಾಲ್ಕು ಸಲ, ಐವತ್ತು ದಿನ. ಕೊಂಡ ತಾರೀಕನ್ನೂ ಮುಗಿಯುವ ತಾರೀಕನ್ನೂ ಬಿಳಿ ಕಾಗದದ ಚೂರಿನ ಮೇಲೆ ಬರೆದು ಡಬ್ಬಿಯ ಮೈಗೆ ಅಂಟಿಸಿ ಕೊಡುವ ಫಾರ್ಮಸಿಸ್ಟರು ಇಲ್ಲವೆಂದಿಲ್ಲ. ರೋಗಿ ಅದನ್ನು ಮರಳಿ ತಂದಾಗ ತಾರೀಕು ನೋಡಿ ಅಲುಗಿಸುತ್ತಾರೆ. ಐವತ್ತು ದಿನದ ಡಬ್ಬಿ ತೊಂಬತ್ತನೆಯ ದಿನವೂ ತುಂಬಿ ಅಲುಗುತ್ತಿದ್ದರೆ, ಮಾತು ಅಲ್ಲಿಂದ ಶುರು.